ಮನೆಯವರೆಲ್ಲ ತಿದ್ದಿದ ಡೈರಿ

ಎದೆ ಬಿಗಿ ಹಿಡಿದ ಹಾಗಾಗುತ್ತೆ ಅಂತ ಹಾಸನದ ಡಾಕ್ಟರ ಹತ್ತಿರ ಹೋದಾಗ ನಮ್ಮೆಜಮಾನರೂ ಜೊತೆಗಿದ್ದರು. ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು, ಎಲ್ಲಾ ಸರಿಯಾಗಿದೆ ಅಂತ ಬಂತು. ಸರಿಯಾಗಿದೆ ಅಂದ ಕೂಡಲೇ ನಮ್ಮೆಜಮಾನರು ಚೀಲ ತಗೊಂಡು ಎದ್ದೇಬಿಟ್ಟರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವರನ್ನು ಮತ್ತೆ ಕೂರಿಸಿ ನನ್ನ ಕಡೆ ತಿರುಗಿ ಕೇಳಿದರು: "ನಿಮಗೆ ಕೋಪ ಜಾಸ್ತಿನಾ?"

"ಇಲ್ಲ" ಅಂದೆ ನಾನು.

"ಹೌದು" ಅಂದರು ನಮ್ಮೆಜಮಾನರು.

ಡಾಕ್ಟರು ಇಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟರು. "ಮಾತ್ರೆ ಏನೂ ಬೇಡ. ಒಂದು ಡೈರಿ ಇಟ್ಕೊಳ್ಳಿ. ಏನು ಕೆಲಸ ಮಾಡಿದ್ರಿ ಅಂತಲ್ಲ, ಮನಸ್ಸಿಗೆ ಏನನ್ನಿಸ್ತು, ಯಾಕೆ ಅನ್ನಿಸ್ತು ಅಂತ ದಿನಾ ಸ್ವಲ್ಪ ಬರೀರಿ. ಬರೀತಾ ಬರೀತಾ ನಿಮಗೆ ನೀವೇ ಅರ್ಥ ಆಗ್ತೀರ."

"ಊಟಕ್ಕೆ ಮುಂಚೆನಾ ಡಾಕ್ಟ್ರೇ, ಆಮೇಲಾ?" ಅಂದರು ನಮ್ಮೆಜಮಾನರು. ತಮಾಷೆಗಲ್ಲ, ನಿಜವಾಗಲೂ ಕೇಳಿದರು.

ಡಾಕ್ಟರು ಸ್ವಲ್ಪ ಯೋಚನೆ ಮಾಡಿ "ಆಮೇಲೆ" ಅಂದರು. ಯಾಕೆ ಹಾಗಂದರೋ. ಕೇಳಿದ ಮೇಲೆ ಏನಾದರೂ ಹೇಳಬೇಕಲ್ಲ.

ಹೊಳೆನರಸೀಪುರದ ಬಸ್ಸಿನಲ್ಲಿ ಕೂತ ತಕ್ಷಣ ನಮ್ಮೆಜಮಾನರು ಅವರಮ್ಮನಿಗೆ ಫೋನು ಹಚ್ಚಿದರು. ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ. "ಬರಿಯೋಕ್ ಹೇಳಿದಾರಮ್ಮ. ಬರಿಯೋಕೆ! ಮಾತ್ರೆ ಇಲ್ಲ. ಇಂಜೆಕ್ಷನ್ನೂ ಇಲ್ಲ. ಡೈರಿ! ಕೋಪಕ್ಕೆ!" ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮುಂದಿನ ಸೀಟಿನ ಗಡ್ಡದವರೊಬ್ಬರು ಸಮಾಧಾನ ಹೇಳಿದರು: "ಬರಿಯೋದು ವಾಸಿ ಕಣ್ ಸಾ. ನಮ್ ಭಾವುಂಗೆ ದಿನಾ ಬೆಳಿಗ್ಗೆ ಎದ್ದು ಓಡು ಅಂದ್ಬುಟ್ಟವ್ರೆ."

ನಮ್ಮದು ಹೊಳೆನರಸೀಪುರದ ಪೇಟೆಯಲ್ಲಿ ಪಾತ್ರೆ ಅಂಗಡಿ. ಗಿರಾಕಿಗಳು ಕೊಂಡ ಪಾತ್ರೆಯ ಮೇಲೆ ಮಿಷನ್ನು ಹಿಡಿದು ಹೆಸರು ಕೆತ್ತೋದು ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ. ಲೋಟದ ಮೈಮೇಲೆ ಎಷ್ಟು ಹಿಡಿಯುತ್ತೋ ಅಷ್ಟು ಬರೆದು ಅಭ್ಯಾಸವಾದವಳು. ಇಡೀ ಪುಟ ಖಾಲಿ ಕೊಟ್ಟು ಬರಿ ಅಂದರೆ ಎಲ್ಲಿಂದ ತರಲಿ? ಮೊದಲನೇ ದಿನ ಹೀಗೆ ಬರೆದೆ: "ಮಂಗಳವಾರ. ಮನಸ್ಸು ಪರವಾಗಿಲ್ಲ." ಮಾರನೇ ದಿನ: "ಅದೇ."

ಡೈರಿಯೂ ಹೊಸದಲ್ಲ, ಯಾರೋ ಕೊಬ್ಬರಿ ಮಂಡಿಯವರು ಕೊಟ್ಟಿದ್ದ ಹೋದ ವರ್ಷದ್ದು. ಅದರಲ್ಲಿ ಅಚ್ಚಾಗಿರೋ ವಾರಕ್ಕೂ ನಾವು ಬದುಕುತ್ತಿರೋ ವಾರಕ್ಕೂ ತಾಳೆಯಾಗುತ್ತಿರಲಿಲ್ಲ. ಮಂಗಳವಾರದ ಬೇಜಾರನ್ನು ಸೋಮವಾರದ ಪುಟದಲ್ಲಿ ಬರೆಯಬೇಕಾಗುತ್ತಿತ್ತು.

ನಮ್ಮತ್ತೆ ಮಾತ್ರ ಅದನ್ನು ಔಷಧಿ ಅಂತಲೇ ತಿಳಿದಿದ್ದರು. ನಾವು ಜೈನರು, ಅತ್ತೆಯ ಕಟ್ಟುನಿಟ್ಟಿನ ಮನೆ, ಹೊತ್ತು ಮುಳುಗೋದ್ರೊಳಗೆ ಊಟ ಮುಗಿದಿರಬೇಕು. ಊಟದ ತಟ್ಟೆ ತೊಳೆದಿಡುವ ಹೊತ್ತಿಗೆ ನಡುಮನೆಯಿಂದ ಕೂಗು ಬರುತ್ತಿತ್ತು: "ಔಷಧಿ ಬರೆದ್ಯೇನಮ್ಮ?"

"ಬರೀತೀನಿ ಅತ್ತೆ."

"ಮರೀಬೇಡ. ಬಿಸಿಬಿಸಿ ಇದ್ದಾಗ್ಲೇ ಬರಿ."

ಸ್ವಲ್ಪ ದಿನ ಹೋದ ಮೇಲೆ ಸಾಲುಗಳು ಉದ್ದವಾಗತೊಡಗಿದವು. ಯಾರ ಮೇಲೆ ಕೋಪ ಬಂತು, ಪಕ್ಕದ ಮನೆ ಮೋರಿ ನೀರು ನಮ್ಮ ಬಾಗಿಲಿಗೆ ಹರಿದಾಗ ಎಷ್ಟು ಕೋಪ ಬಂತು ಅಂತ ಬರೆದೆ. ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಅವಳ ಕೋಣೆಯಲ್ಲಿ ಈರುಳ್ಳಿ ವಾಸನೆ ಬರುತ್ತಿರೋದು ಯಾಕೆ, ನಮ್ಮನೆಯಲ್ಲಿ ಈರುಳ್ಳಿಯೇ ತರೋದಿಲ್ಲವಲ್ಲ ಅಂತ ಬರೆದೆ. ಎಂಟು ಗಂಟೆ ಸುಮಾರಿಗೆ ಏನೋ ಒಂಥರ ಖಾಲಿ ಅನ್ನಿಸುತ್ತೆ, ಅದಕ್ಕೆ ಏನನ್ನಬೇಕೋ ಗೊತ್ತಿಲ್ಲ ಅಂತಲೂ ಬರೆದೆ. ಬರೆದು ಹಾಸಿಗೆ ಕೆಳಗೆ ಇಡುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ತಗೊಂಡು ಹೋಗೋಣ ಅಂತ ಅಂಗಡಿಯಿಂದ ಮನೆಗೆ ಬಂದೆ. ನಮ್ಮ ಬೀದಿಯ ತಿರುವಿನಲ್ಲೇ ನನ್ನ ಮನಸ್ಸು ನನಗೆ ಕೇಳಿಸಿತು. ನಮ್ಮತ್ತೆ ಬೆಳಕಿಗೆ ಅಂತ ಕಿಟಕಿ ಪಕ್ಕ ಕೂತು, ಭೂತಗನ್ನಡಿ ಹಿಡಿದು, ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದುತ್ತಿದ್ದರು. ಅವರಿಗೆ ಮನಸ್ಸಿನಲ್ಲೇ ಓದೋದು ಬರೋದಿಲ್ಲ. "ಅತ್-ತೆ-ಯ... ಮೇಲೆ... ಕೋ-ಪ... ಬಂ-ತು... ಆ-ದರೆ... ತೋ-ರಿ-ಸ-ಲಿಲ್ಲ."

ಒಳಗೆ ಓಡಿದೆ. ಅವರು ತಲೆ ಎತ್ತಿ "ಬಂದ್ಯಾ? ಇದೇನಮ್ಮ ಈ ಅಕ್ಷರ, 'ತ'ನೋ 'ಕ'ನೋ ತಿಳಿಯಲ್ಲ" ಅಂದರು.

"ಅತ್ತೆ, ಅದು ನನ್ನ ಡೈರಿ."

"ಗೊತ್ತು. ನಿನ್ ಹೆಸ್ರೇ ಇದ್ಯಲ್ಲ."

"ಅದನ್ನ ಯಾರೂ ಓದಬಾರದು ಅತ್ತೆ."

"ಮತ್ಯಾಕೆ ಬರೆದೆ? ಓದೋಕಲ್ದೆ ಯಾರಾದ್ರೂ ಬರೀತಾರಾ?"

ಬೈತಾರೆ ಅಂತ ಕಾದೆ. ಅವರ ಮುಖ ಬಾಡಿತ್ತು ನಿಜ, ಆದರೆ ಕಾರಣ ಬೇರೆಯಿತ್ತು. "ಶುರುವಿಂದ ಓದಿದೆ. ನನ್ ವಿಷ್ಯ ಎರಡೇ ಕಡೆ ಬಂದಿದೆ. ನಿನ್ ಗಂಡಂದು ಪುಟಗಟ್ಲೆ ಇದೆ. ನಾನೇನು ಈ ಮನೇಲಿ ಇಲ್ವಾ?"

ಆ ಸಾಯಂಕಾಲವೇ ಪಕ್ಕದ ಮನೆಯವಳು ಹೆಪ್ಪಿಗೆ ಮೊಸರು ಬೇಕು ಅಂತ ಲೋಟ ಹಿಡಿದು ಬಂದಳು. ಅವಳ ಗಂಡ ಭತ್ತದ ವ್ಯಾಪಾರಿ. ವಿಭೂತಿ ಹಚ್ಚಿಕೊಳ್ಳದೆ ಅವಳು ಹೊಸಲು ದಾಟಿದ್ದನ್ನು ನಾನು ನೋಡಿಲ್ಲ. ಅವತ್ತು ವಿಭೂತಿಯೂ ಇತ್ತು, ಮುಖದಲ್ಲಿ ಗಂಟೂ ಇತ್ತು. "ಅಕ್ಕ, ನಮ್ ಮ್ವಾರಿ ಇಚಾರ ಬರ್ದಿದ್ದೀರಂತೆ?"

"ಯಾರು ಹೇಳಿದ್ರು?"

"ಯಾರೇಳ್ಬೇಕು? ಮದ್ಯಾನ ಅಕ್ಕಿ ಆರಿಸ್ತಾ ಕುಂತಿದ್ದೆ, ಎಲ್ಲಾ ಕೇಳಿಸ್ತು. ನೀರು ಮ್ಯಾಲಿಂದ ಬತ್ತದೆ ಕಣಕ್ಕ, ನಮ್ದೇನಿಲ್ಲ."

"ನಾನು ಬರೆದಿದ್ದು ನೀರಿನ ವಿಷಯ ಅಲ್ಲ. ನೀರು ನೋಡಿ ನನಗೆ ಕೋಪ ಬಂತು ಅಂತ."

"ಕ್ವಾಪ ಬಂದ್ರೆ ಬರ್ಲಿ, ಬ್ಯಾಡ ಅನ್ನಕ್ಕಾಯ್ತದಾ? ನಮ್ ಮ್ವಾರಿ ಎಸರು ಯಾಕೆ? ಬರೀ ಕ್ವಾಪ ಬಂತು ಅಂತ ಬರ್ಕಳಿ."

ನ್ಯಾಯವಾದ ಮಾತು ಅನ್ನಿಸಿತು. ಅವಳೆದುರಿಗೇ ಮೋರಿಯ ಸಾಲನ್ನು ಹೊಡೆದು ಹಾಕಿದೆ. ಅವಳು ಮೊಸರು ತಗೊಂಡು ಹೋದ ಮೇಲೆ ಉಳಿದದ್ದು "ಬೆಳಿಗ್ಗೆ ಕೋಪ ಬಂತು" ಅನ್ನೋದು ಮಾತ್ರ. ಅದನ್ನು ನೋಡುತ್ತಾ ಕೂತೆ. ಮೋರಿ ತೆಗೆದ ಮೇಲೂ ಕೋಪ ಅಲ್ಲೇ ಇತ್ತು! ನೆನಪು ಮಾಡಿಕೊಂಡೆ. ಅವತ್ತು ಎದ್ದಾಗಲೇ ನನಗೆ ಕೋಪ ಬಂದಿತ್ತು, ಮೋರಿ ನೀರು ಹರಿದದ್ದು ಆಮೇಲೆ. ಕೋಪವನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲಿ ಇಳಿಸಲಿ ಅಂತ ಜಾಗ ಹುಡುಕುತ್ತಾ ಬಾಗಿಲಿಗೆ ಬಂದಿದ್ದೆ. ಇದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಡೈರಿ ಮುಚ್ಚಿಡೋದನ್ನು ಬಿಟ್ಟೆ. ಮುಚ್ಚಿಟ್ಟರೆ ಅತ್ತೆ ಹುಡುಕುತ್ತಾರೆ, ಹುಡುಕೋಕೆ ಮಂಚದ ಕೆಳಗೆ ಬಗ್ಗುತ್ತಾರೆ, ಬಗ್ಗಿದರೆ ಸೊಂಟ ಹಿಡಿಯುತ್ತೆ. ಕಿಟಕಿಯ ಹತ್ತಿರವೇ ಇಟ್ಟೆ. ಅತ್ತೆ ಪಕ್ಕದಲ್ಲಿ ಪೆನ್ಸಿಲಿನಿಂದ ತಿದ್ದತೊಡಗಿದರು. "ಇದು ಸುಳ್ಳು. ನಾನು ಉಪ್ಪು ಕಮ್ಮಿ ಅಂದೆ. ಚೆನ್ನಾಗಿಲ್ಲ ಅನ್ನಲಿಲ್ಲ." ನಮ್ಮೆಜಮಾನರು ಅಂಗಡಿಗೆ ಹೊರಡೋ ಮುಂಚೆ ಓದಿ, ಸರಕು ಬಂದಾಗ ಬಿಲ್ಲಿಗೆ ಹಾಕುವ ಹಾಗೆ ಕೆಳಗೆ "ನೋಡಿದೆ" ಅಂತ ಬರೆದು ಸಹಿ ಹಾಕುತ್ತಿದ್ದರು. ಒಂದು ಪುಟದಲ್ಲಿ ನಾನು "ಇವತ್ತು ಇವರು ದಿನವೆಲ್ಲಾ ಮಾತಾಡಿಸಲಿಲ್ಲ, ನಾನು ಬೇಡವಾಗಿದ್ದೀನಿ" ಅಂತ ಬರೆದಿದ್ದೆ. ಸಹಿಯ ಮೇಲೆ ಒಂದು ಸಾಲು ಇತ್ತು: "ಹಲ್ಲು ನೋವಿತ್ತು."

"ಹೇಳಬಾರದಿತ್ತಾ ರೀ?" ಅಂದೆ.

"ಬಾಯಿ ತೆಗೆಯೋಕಾದ್ರೆ ತಾನೇ ಹೇಳೋದು?"

ಅರಕಲಗೂಡಿನಲ್ಲಿರುವ ನಮ್ಮೆಜಮಾನರ ಅಕ್ಕ ಒಂದು ದಿನ ಫೋನು ಮಾಡದೆ ಬಂದಿಳಿದಳು. ಚೀಲ ಕೆಳಗಿಡಲಿಲ್ಲ, ನೀರು ಮುಟ್ಟಲಿಲ್ಲ. "ಎಲ್ಲಿ ಅದು? ತಾ" ಅಂದಳು. ಅತ್ತೆ ದಿನವೂ ಮಗಳಿಗೆ ಫೋನಿನಲ್ಲಿ ನನ್ನ ಡೈರಿ ಓದಿ ಹೇಳುತ್ತಿದ್ದ ಸಂಗತಿ ನನಗೆ ಆಗಲೇ ತಿಳಿದದ್ದು. ಹಿಂದಿನ ದಿನ ಓದಿದ ಸಾಲು ಇದು: "ಅಕ್ಕ ಬಂದು ಹೋದ ಮೇಲೆ ಮನೆ ದೊಡ್ಡದಾದ ಹಾಗೆ ಅನ್ನಿಸಿತು."

"ಇದರರ್ಥ ಏನು?" ಅಂದಳು. "ನಾನು ದಪ್ಪಗಿದೀನಿ, ಮನೆ ಹಿಡಿಸಲ್ಲ ಅಂತ ತಾನೇ?"

"ಅಯ್ಯೋ ಅಕ್ಕ, ಹಾಗಲ್ಲ."

"ಮತ್ತೆ? ನಾನು ಯಾವಾಗ ತೊಲಗ್ತೀನೋ ಅಂತ ಕಾಯ್ತಿದ್ದೆ ಅಂತಾನಾ?"

ನಮ್ಮೆಜಮಾನರು ಅಂಗಡಿ ಬಾಗಿಲೆಳೆದುಕೊಂಡು ಬಂದರು. ನಡುಮನೆಯಲ್ಲಿ ಚಾಪೆ ಹಾಸಿಯಾಯಿತು. ಡೈರಿಯನ್ನು ಮಧ್ಯದಲ್ಲಿಟ್ಟು ಎಲ್ಲರೂ ಸುತ್ತ ಕೂತೆವು. ಪಕ್ಕದ ಮನೆಯವಳೂ ಬಂದು ಕೂತಳು, ಅವಳದೂ ಒಂದು ವಿಷಯ ಅದರಲ್ಲಿತ್ತಲ್ಲ. ನಮ್ಮೆಜಮಾನರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. "ಸೈಟು ಮೂವತ್ತು–ನಲವತ್ತು. ಮನೆ ಹೆಂಗೆ ದೊಡ್ಡದಾಗುತ್ತೆ?" ಅಂದರು.

"ಅನ್ನಿಸಿತು ಅಂತಿದೆ ಕಣೋ" ಅಂದರು ಅತ್ತೆ. "ಆಯ್ತು ಅಂತಿಲ್ಲ."

"ಯಾಕೆ ಅನ್ನಿಸ್ಬೇಕು ಅಂತ ಕೇಳ್ತಿರೋದು ನಾನು" ಅಂದಳು ಅಕ್ಕ.

ಎಲ್ಲರೂ ನನ್ನ ಕಡೆ ನೋಡಿದರು. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ಬರೆಯುವಾಗ ಕೈಗೆ ಬಂದ ಸಾಲು ಅದು. ಆದರೆ ಅಷ್ಟು ಜನ ಕಾಯುತ್ತಾ ಕೂತಿರುವಾಗ ಗೊತ್ತಿಲ್ಲ ಅಂತ ಹೇಳೋದು ಹೇಗೆ? ಕಣ್ಣು ಮುಚ್ಚಿ ಆ ದಿನವನ್ನು ನೆನಪಿಗೆ ತಂದುಕೊಂಡೆ. ಅಕ್ಕನನ್ನು ಬಸ್ಸು ಹತ್ತಿಸಿ ಬಂದಿದ್ದೆ. ಅವಳು ಕುಡಿದಿಟ್ಟ ಕಾಫಿ ಲೋಟ ಕಟ್ಟೆಯ ಮೇಲೇ ಇತ್ತು. ಲೋಟ ಕೈಯಲ್ಲಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮನೆ ತಣ್ಣಗಿತ್ತು.

"ಎರಡೂ" ಅಂದೆ.

"ಎರಡೂ ಅಂದ್ರೆ?"

"ಹೋದ್ರಲ್ಲ ಅಂತ ಸಮಾಧಾನ ಅಕ್ಕ. ಹೋದ್ರಲ್ಲ ಅಂತ ಬೇಜಾರು."

ನನ್ನ ಬಾಯಿಂದ ಬಂದ ಮಾತು ಕೇಳಿ ನಾನೇ ಬೆಚ್ಚಿದ್ದೆ. ಅಕ್ಕ ಆಗ ಚೀಲವನ್ನು ಕೆಳಗಿಟ್ಟಳು. ಸೆರಗಿನಿಂದ ಕತ್ತು ಒರೆಸಿಕೊಂಡು, "ನಂಗೂ ಇಲ್ಲಿಂದ ಬಸ್ ಹತ್ತಿದ ಮೇಲೆ ಹಂಗೇ ಆಗುತ್ತೆ. ಯಾರ ಹತ್ರ ಹೇಳೋದು ಅಂತ ಸುಮ್ನಿದ್ದೆ. ನೀರು ಕೊಡು" ಅಂದಳು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಎಲ್ಲರೂ ಸೇರಿದ್ದೀವಿ, ಡೈರಿಯೂ ಇದೆ ಅಂತ ಅತ್ತೆ ಎಂಟು ಗಂಟೆಯ ವಿಷಯ ಎತ್ತಿದರು. "ಖಾಲಿ ಅನ್ನಿಸುತ್ತೆ ಅಂತ ಬಹಳ ಕಡೆ ಬರೆದಿದಾಳೆ. ಹೊತ್ತು ಮುಳುಗೋ ಮುಂಚೆ ಉಣ್ತೀವಿ. ಎಂಟಕ್ಕೆ ಖಾಲಿ ಆಗದೆ ಇನ್ನೇನಾಗುತ್ತೆ? ಅದು ಮನಸ್ಸಲ್ಲ ಕಣಮ್ಮ, ಹೊಟ್ಟೆ."

ನನಗೆ ಅವಮಾನವಾಯಿತು. ತವರುಮನೆ ಚನ್ನರಾಯಪಟ್ಟಣದಲ್ಲಿ ಹೊತ್ತಿನ ವಿಷಯದಲ್ಲಿ ಇಷ್ಟು ಬಿಗಿಯಿರಲಿಲ್ಲ ನಿಜ. ಆದರೂ ಇಷ್ಟು ವರ್ಷ ಸಂಸಾರ ಮಾಡಿ, ದಿನಗಟ್ಟಲೆ ಕೂತು ಬರೆದು, ಕಡೆಗೆ ಹಸಿವು ಅನ್ನೋದಾದರೆ ಹೇಗೆ? ಪರೀಕ್ಷೆ ಮಾಡಿಯೇಬಿಡೋಣ ಅಂತ ತೀರ್ಮಾನವಾಯಿತು. ರಾತ್ರಿ ಎಂಟಕ್ಕೆ ನನಗೊಬ್ಬಳಿಗೆ ದೋಸೆ. ಅತ್ತೆಗೆ ಅದನ್ನು ನೋಡೋದೂ ಕಷ್ಟ. ಅವರು ಗೋಡೆ ಕಡೆ ಮುಖ ಮಾಡಿ ಕೂತು "ಔಷಧಿ ಅಂದ್ಕೊಂಡು ತಿನ್ನು" ಅಂದರು.

ತಿಂದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಬಂತಾ?" ಅಂದರು ನಮ್ಮೆಜಮಾನರು.

"ಇನ್ನೂ ಇಲ್ಲ."

"ಬರೋ ಹಂಗಿದ್ಯಾ?" ಅಂದಳು ಅಕ್ಕ.

"ಗೊತ್ತಾಗ್ತಿಲ್ಲ ಅಕ್ಕ."

"ಮಾತಾಡಿಸ್ಬೇಡ್ರೋ, ಬರೋದೂ ನಿಂತೋಗುತ್ತೆ" ಅಂದರು ಅತ್ತೆ, ಗೋಡೆ ಕಡೆಯಿಂದಲೇ.

ಬರಲಿಲ್ಲ. ಮಾರನೇ ದಿನವೂ ದೋಸೆಯಾಯಿತು, ಅಂದೂ ಬರಲಿಲ್ಲ. ಅತ್ತೆ ಗೆದ್ದರು. ಡೈರಿಯಲ್ಲಿ ಖಾಲಿ ಅಂತಿದ್ದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ "ಹಸಿವು" ಅಂತ ತಿದ್ದಿದರು. ಓದಿದರೆ ಅರ್ಥವೂ ಸರಿಹೋಗುತ್ತಿತ್ತು, ಅದೇ ನನಗೆ ಸಂಕಟ. ಅಕ್ಕ ಸಮಾಧಾನವಾಗಿ ಅರಕಲಗೂಡಿಗೆ ಹೋದಳು.

ಅದಾದ ಮೇಲೆ ಒಂದು ದಿನ ಅತ್ತೆ ಮತ್ತು ನಮ್ಮೆಜಮಾನರು ನೆಂಟರ ಗೃಹಪ್ರವೇಶಕ್ಕೆ ಅಂತ ಚನ್ನರಾಯಪಟ್ಟಣಕ್ಕೆ ಹೋದರು. ಅಂಗಡಿ ನೋಡಿಕೊಳ್ಳೋಕೆ ನಾನು ಉಳಿದೆ. ಸಾಯಂಕಾಲ ಮನೆಗೆ ಬಂದು, ದೋಸೆ ಹುಯ್ದುಕೊಂಡು ಹೊಟ್ಟೆ ತುಂಬ ತಿಂದು, ಎಂಟು ಗಂಟೆಗೆ ಬಾಗಿಲಲ್ಲಿ ಕೂತಿದ್ದೆ. ಬಂತು. ಎಲ್ಲೋ ಹೋಗಿದ್ದು ತನ್ನ ಪಾಡಿಗೆ ತಾನು ಬಂದು ಪಕ್ಕದಲ್ಲಿ ಕೂತ ಹಾಗೆ ಬಂತು. ಮುಂಚೆಯಾದರೆ ಎದ್ದು ಪಾತ್ರೆ ಬೆಳಗೋದೋ, ಟಿವಿ ಹಾಕೋದೋ ಮಾಡುತ್ತಿದ್ದೆ. ಅವತ್ತು ಏಳಲಿಲ್ಲ. ಹೊಟ್ಟೆ ತುಂಬಿದೆ, ಕೋಪವಿಲ್ಲ, ಯಾರೂ ಏನೂ ಅಂದಿಲ್ಲ, ಆದರೂ ಬಂದಿದೆ. ಹಾಗಿದ್ದರೆ ಇದು ನನ್ನದೇ, ಬೇರೆ ಯಾರಿಂದಲೂ ಆದದ್ದಲ್ಲ ಅನ್ನಿಸಿತು. ಅಷ್ಟು ತಿಳಿದ ಮೇಲೆ ಅದರ ಮೇಲೆ ಸಿಟ್ಟೂ ಬರಲಿಲ್ಲ. ಸ್ವಲ್ಪ ಹೊತ್ತು ಇದ್ದು ಹೋಯಿತು. ಎದೆ ಬಿಗಿದಿರಲಿಲ್ಲ, ಅದನ್ನೂ ಗಮನಿಸಿದೆ.

ಅವರಿಬ್ಬರೂ ಊರಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಹೇಳಿದೆ: "ಇವತ್ತು ಬಂದಿತ್ತು."

ನಮ್ಮೆಜಮಾನರಿಗೆ ತುಂಬಾ ಬೇಜಾರಾಯಿತು. "ನಾವಿಲ್ದಾಗ್ಲೇ ಬರಬೇಕಾ? ಎಷ್ಟೊತ್ತಿತ್ತು?"

"ಸ್ವಲ್ಪ ಹೊತ್ತು."

"ದೋಸೆ ತಿಂದಿದ್ಯಾ?" ಅಂದರು ಅತ್ತೆ.

"ತಿಂದಿದ್ದೆ ಅತ್ತೆ."

ಅತ್ತೆ ಹೊಸಲಿನ ಮೇಲೇ ನಿಂತು ಯೋಚನೆ ಮಾಡಿದರು. ಒಳಗೆ ಬಂದು ಸೀರೆಯನ್ನೂ ಬದಲಾಯಿಸದೆ, ಭೂತಗನ್ನಡಿ ಹುಡುಕಿ, ರಬ್ಬರು ತಗೊಂಡು "ಹಸಿವು" ಅಂತ ತಿದ್ದಿದ್ದನ್ನೆಲ್ಲ ಒಂದೊಂದಾಗಿ ಅಳಿಸತೊಡಗಿದರು. ಅಳಿಸುತ್ತಾ, ನನ್ನ ಕಡೆ ನೋಡದೆ, "ನಂಗೆ ಬೆಳಗಿನ ಜಾವ ಬರುತ್ತೆ" ಅಂದರು. ಮಾರನೇ ದಿನ ಎದ್ದಾಗ ಅವರು ಕತ್ತಲಲ್ಲಿ ಕೂತಿರೋದು ಕಂಡಿತು. ಕಾಫಿ ಮಾಡಿ ತಂದು ಪಕ್ಕದಲ್ಲಿ ಕೂತೆ. ಹೊತ್ತು ಹುಟ್ಟೋ ತನಕ ಅವರು ಏನೂ ಮುಟ್ಟೋದಿಲ್ಲ. ಹುಟ್ಟಿದ ಮೇಲೆ ಕುಡಿದರು, ಅಷ್ಟರಲ್ಲಿ ಅದು ತಣ್ಣಗಾಗಿತ್ತು.

ಈಗ ಮಳೆಗಾಲ ಕಳೆದು ಮದುವೆ ಸೀಸನ್ನು ಬಂದಿದೆ, ಅಂಗಡಿಯಲ್ಲಿ ಕೈ ಬಿಡುವಿಲ್ಲ. ಆದರೂ ಬರೆಯೋದು ಬಿಟ್ಟಿಲ್ಲ. ಒಂದು ದಿನ ಹಿಂದಿನ ಪುಟ ತಿರುಗಿಸಿದಾಗ ಎಷ್ಟೋ ದಿನದಿಂದ ಯಾರ ಸಹಿಯೂ ಇಲ್ಲ, ಪೆನ್ಸಿಲಿನ ಗುರುತೂ ಇಲ್ಲ ಅನ್ನೋದು ಕಣ್ಣಿಗೆ ಬಿತ್ತು. ನನಗೆ ಸ್ವಲ್ಪ ಅಸಮಾಧಾನವೇ ಆಯಿತು.

"ಓದ್ತಿಲ್ವಾ ನೀವು?" ಅಂತ ನಮ್ಮೆಜಮಾನರನ್ನು ಕೇಳಿದೆ.

"ಗೊತ್ತಿರೋದೇ ಅಲ್ವಾ" ಅಂದರು.

ಅವರಿಗೆ ಗೊತ್ತಿಲ್ಲದ್ದು ಏನಾದರೂ ಬರೆಯಬೇಕು ಅಂತ ಹಟ ಬಂತು. ಬಹಳ ಹೊತ್ತು ಕೂತೆ. ಕಡೆಗೆ ಬರೆದೆ: "ಏನೂ ಕೆಲಸವಿಲ್ಲದೆ ಒಬ್ಬಳೇ ಬಸ್ಸಿನಲ್ಲಿ ಒಂದು ಊರಿಗೆ ಹೋಗಿ ಬರಬೇಕು ಅಂತ ಆಸೆ." ಮದುವೆಗೆ, ನಾಮಕರಣಕ್ಕೆ, ತಿಥಿಗೆ, ಆಸ್ಪತ್ರೆಗೆ ಅಂತ ಹೋಗಿದ್ದೀನೇ ಹೊರತು ಸುಮ್ಮನೆ ಅಂತ ಎಲ್ಲಿಗೂ ಹೋಗಿರಲಿಲ್ಲ. ಮಂಗಳವಾರ ಅಂಗಡಿಗೆ ರಜ. ಬಸ್ ಸ್ಟ್ಯಾಂಡಿಗೆ ಹೋದಾಗ ಅರಕಲಗೂಡಿನ ಬಸ್ಸು ನಿಂತಿತ್ತು, ಹತ್ತಿದೆ.

ಅಕ್ಕ ಬಾಗಿಲು ತೆಗೆದು ನನ್ನನ್ನು ನೋಡಿದವಳೇ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಮ್ಮಂಗೇನಾಯ್ತು?"

"ಏನೂ ಇಲ್ಲ ಅಕ್ಕ."

"ಅವನಿಗಾ?"

"ಯಾರಿಗೂ ಏನೂ ಇಲ್ಲ. ಸುಮ್ನೆ ಬಂದೆ."

"ಸುಮ್ನೆ ಯಾರಾದ್ರೂ ಬರ್ತಾರಾ? ಜಗಳ ಆಡ್ಕೊಂಡು ಬಂದಿದೀಯ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಫೋನು ತಗೊಂಡು ಒಳಗೆ ಹೋದಳು. ಅತ್ತೆಗೆ ಕೇಳಬೇಕಲ್ಲ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಅಮ್ಮಾ, ಇವಳು ಇಲ್ಲಿಗೆ ಬಂದಿದಾಳೆ! ಹೂಂ! ಸುಮ್ನೆ ಬಂದಿದೀನಿ ಅಂತಾಳೆ! ನಗ್ತಾ ಕೂತಿದಾಳೆ!"

ಅತ್ತೆ ಏನಂದರೋ ನನಗೆ ಕೇಳಿಸಲಿಲ್ಲ. ಅಕ್ಕ ಹೊರಗೆ ಬಂದು ಎದುರಿಗೆ ನಿಂತು ನನ್ನನ್ನೇ ನೋಡಿದಳು. ಆಮೇಲೆ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಬಿಸಿಲು ಹೊಸಲು ದಾಟಿ ಒಳಗೆ ಬಂದಿತ್ತು. ಬೀದಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಇಬ್ಬರೂ ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆವು.

"ಹಿಂಗೆ ಎಷ್ಟೊತ್ತು ಕೂತ್ಕೋಬೇಕು?" ಅಂದಳು ಅಕ್ಕ.

"ನಂಗೂ ಗೊತ್ತಿಲ್ಲ ಅಕ್ಕ. ಇದೇ ಮೊದಲು" ಅಂದೆ.